ಎಡಗುದುರೆಯ ಲಗಾಮು ಬಲಗೈಯಲ್ಲಿ

ಎತ್ತಿನ ಹೆಗಲಿಗೆ ನೊಗ ಇಡುವುದನ್ನು ಕಲಿತಾಗ ನನಗೆ 10 ವರ್ಷ. ಕುದುರೆಯ ಕೊರಳಿಗೆ ಕಾಲರ್ ತೊಡಿಸುವುದನ್ನು ಕಲಿತಾಗ 62. ಮೊದಲನೆಯದನ್ನು ಹಾಸನ ಸೀಮೆಯ ನಮ್ಮ ಹೊಲದಲ್ಲಿ ಅಪ್ಪ ಕಲಿಸಿದ್ದರು. ಎರಡನೆಯದನ್ನು ಕಲಿಸಿದವರು ಅಮೆರಿಕದ ಓಹಿಯೋ ರಾಜ್ಯದ ಹೋಮ್ಸ್ ಕೌಂಟಿಯ, ಆಮಿಶ್ ಎಂಬ ಕ್ರೈಸ್ತ ಪಂಗಡದ ಒಬ್ಬ ರೈತ, ಮೀಸೆ ಬೋಳಿಸಿ ಗಡ್ಡ ಮಾತ್ರ ಬಿಟ್ಟ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಮನುಷ್ಯ.

ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಕೊಲಂಬಸ್ ನಗರಕ್ಕೆ ಹೋಗಿದ್ದೆ. ಮನೆಯೊಳಗೆ ಹೆಂಗಸರಿಗೆ ಕೈತುಂಬ ಕೆಲಸ, ನನಗೆ ದಿನವಿಡೀ ಕಿಟಕಿ. ಏಪ್ರಿಲ್‌ನ ಒಂದು ಶನಿವಾರ ಅಳಿಯ ಒಂದೂವರೆ ಗಂಟೆ ಕಾರು ಓಡಿಸಿ ಆ ಕಡೆಯ ಹಳ್ಳಿಗಳನ್ನು ತೋರಿಸಲು ಕರೆದುಕೊಂಡು ಹೋದರು. ದಿಬ್ಬದ ಇಳಿಜಾರಿನಲ್ಲಿ ಆ ರೈತರು ಎರಡು ಕುದುರೆ ಕಟ್ಟಿ ಉಳುತ್ತಿದ್ದರು. ಕೆಂಗಂದು ಮೈ, ಒಣಹುಲ್ಲಿನ ಬಣ್ಣದ ಕತ್ತುಗೂದಲು, ಕಡೆದಿಟ್ಟಂಥ ತೊಡೆ. ಬೆಲ್ಜಿಯನ್ ತಳಿ, ಒಂದೊಂದೂ 800 ಕೆಜಿಗೆ ಕಡಿಮೆಯಿಲ್ಲ. ನಮ್ಮ ಹಳ್ಳಿಕಾರ್ ಎತ್ತು ಎರಡನ್ನು ಸೇರಿಸಿ ತೂಗಿದರೂ ಅದರಲ್ಲಿ ಒಂದಕ್ಕೆ ಸಾಟಿಯಾಗುವುದು ಕಷ್ಟ. ಕಾರು ನಿಲ್ಲಿಸಲು ಹೇಳಿ ಬೇಲಿಯ ಹತ್ತಿರ ನಿಂತೆ. ಹೊಸ ಉಳುಮೆಯ ಮಣ್ಣಿನ ವಾಸನೆ ಅಲ್ಲೂ ಇಲ್ಲೂ ಒಂದೇ. ಆದರೆ ಕುದುರೆಗಳ ಮೈಮೇಲಿನ ಪಟ್ಟಿ, ಬಕಲು, ಸರಪಳಿಗಳಲ್ಲಿ ಒಂದೂ ನನಗೆ ಅರ್ಥವಾಗಲಿಲ್ಲ. 40 ವರ್ಷ ಎತ್ತು ಕಟ್ಟಿದವನಿಗೆ ಆ ಹಗ್ಗಪಟ್ಟಿಗಳ ಲೆಕ್ಕ ತಿಳಿಯದೆ ಊರಿಗೆ ಮರಳಲು ಮನಸ್ಸು ಬರಲಿಲ್ಲ. ಹತ್ತಿರದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಮೂರು ವಾರ ಅಲ್ಲಿದ್ದೆ.

ಅಮೆರಿಕದ ಹೊಲಗಳಲ್ಲಿ 1920ರ ಹೊತ್ತಿಗೆ ಸುಮಾರು 2.5 ಕೋಟಿ ಕುದುರೆ ಮತ್ತು ಹೇಸರಗತ್ತೆಗಳಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ, 1960ರ ಹೊತ್ತಿಗೆ, ಅವು 30 ಲಕ್ಷದ ಆಸುಪಾಸಿಗೆ ಇಳಿದವು. ಕುದುರೆ ಹೋದಂತೆ ಅದನ್ನು ಕಟ್ಟುವ ವಿದ್ಯೆಯೂ ಹೋಯಿತು. ಹೊಲಕ್ಕೆ ಟ್ರ್ಯಾಕ್ಟರ್ ಇಳಿಸದ ಆಮಿಶ್ ಜನ ಮಾತ್ರ ಅದನ್ನು ಬಿಡಲಿಲ್ಲ. ದಾರಿಯಲ್ಲಿ ಅವರ ಕರಿಬಂಡಿಗಳನ್ನು ಎಳೆಯುವ ಸಪೂರ ಕುದುರೆಗಳು ಬೇರೆ, ಹೊಲದ ಈ ಭಾರಿ ಕುದುರೆಗಳು ಬೇರೆ. ಅವರ ನಡುವೆ ಇದು ಇಂದಿಗೂ ಹೊಟ್ಟೆಪಾಡಿನ ಕೆಲಸ, ಸರಂಜಾಮು ಹೊಲಿಯುವವರು, ಲಾಳ ಕಟ್ಟುವವರು ಎಲ್ಲ ಸುತ್ತಮುತ್ತಲೇ ಸಿಗುತ್ತಾರೆ.

ಮೊದಲ ದಿನ ಆ ರೈತರು ನನ್ನನ್ನು ಸರಂಜಾಮಿನ ಹತ್ತಿರಕ್ಕೂ ಬಿಡಲಿಲ್ಲ. ಕುದುರೆಯ ಪಕ್ಕ ನಿಲ್ಲಿಸಿ, ನನ್ನ ಅಂಗೈಯನ್ನು ಅದರ ಭುಜದ ಮೇಲಿಡಿಸಿ, ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿದರು. ಚರ್ಮದ ಕೆಳಗೆ ಭುಜದ ಹಲಗೆಮೂಳೆ ಹಿಂದಕ್ಕೂ ಮುಂದಕ್ಕೂ ಜಾರಿತು. ಕುದುರೆಗೆ ನಮ್ಮಂತೆ ಕೊರಳಮೂಳೆ ಇಲ್ಲ. ಮುಂಗಾಲು ಎದೆಗೂಡಿಗೆ ಬರಿಯ ಮಾಂಸಖಂಡಗಳಿಂದ ತೂಗಿಕೊಂಡಿರುತ್ತದೆ, ಪ್ರತಿ ಹೆಜ್ಜೆಗೂ ಭುಜ ತಿರುಗುತ್ತದೆ. ಎತ್ತಿಗೂ ಹಾಗೆಯೇ, ಆದರೆ ನಮ್ಮ ನಾಡೆತ್ತಿಗೆ ಹಿಣಿಲಿದೆ. ಹಿಣಿಲಿನ ಮುಂದೆ ಕತ್ತಿನ ಮೇಲೆ ನೊಗವಿಟ್ಟು ಜತ್ತಿಗೆ ಬಿಗಿದರೆ ಎತ್ತು ತಲೆ ತಗ್ಗಿಸಿ ಹೊರಡುತ್ತದೆ, ಹಿಂದೆ ಹಿಣಿಲು ತಡೆ ನಿಲ್ಲುತ್ತದೆ. ಕುದುರೆಯ ಕತ್ತಿನ ಮೇಲೆ ಆ ನೊಗಕ್ಕೆ ಆಸರೆ ಎಲ್ಲಿದೆ? ಅದರ ಬಲ ಇರುವುದು ಎದೆಯ ಇಕ್ಕೆಲದ ಭುಜಗಳಲ್ಲಿ. ಆ ಭುಜಗಳನ್ನು ಒತ್ತಬೇಕು, ಆದರೆ ತಿರುಗುವ ಮೂಳೆಯನ್ನು ತಡೆಯಬಾರದು, ಅವುಗಳ ನಡುವೆ ಇಳಿಯುವ ಉಸಿರುಕೊಳವೆಯನ್ನು ಮುಟ್ಟಲೂ ಬಾರದು. ಕಾಲರ್ ಎಂಬ ಆ ಚರ್ಮದ ದಿಂಬುಬಳೆ ಈ ಮೂರೂ ಕಟ್ಟಳೆಗಳನ್ನು ಪಾಲಿಸುತ್ತದೆ. ಅದನ್ನು ತೊಟ್ಟ ಕುದುರೆ, ಬಾಗಿಲು ತಳ್ಳುವವರಂತೆ, ಅದರೊಳಗೆ ಭುಜ ಕೊಟ್ಟು ಮುಂದಕ್ಕೆ ನೂಕುತ್ತದೆ. ಆ ನೂಕುವಿಕೆಯನ್ನು ಹಿಂದಿನ ನೇಗಿಲಿಗೆ ಎಳೆತವಾಗಿ ತಲುಪಿಸುವುದಷ್ಟೇ ಉಳಿದ ಪಟ್ಟಿಗಳ ಕೆಲಸ.

ಇಷ್ಟು ಸರಳವಾಗಿ ಕಾಣುವ ವಸ್ತು ಮನುಷ್ಯನಿಗೆ ಹೊಳೆಯಲು ಬಹಳ ಕಾಲ ಬೇಕಾಯಿತು. ಚೀನಾದಲ್ಲಿ ಮೊದಲು ಬಳಕೆಗೆ ಬಂದು, ಯುರೋಪಿನಲ್ಲಿ ಒಂಬತ್ತು, ಹತ್ತನೇ ಶತಮಾನದ ಹೊತ್ತಿಗೆ ಅದು ನೆಲೆಯೂರಿತು. 11ನೇ ಶತಮಾನದ ಪ್ರಸಿದ್ಧ ಬೇಯೂ ಕಸೂತಿಯ ಅಂಚಿನಲ್ಲಿ ಕಾಲರ್ ತೊಟ್ಟ ಕುದುರೆಯೊಂದು ಹಲುಬೆ ಎಳೆಯುತ್ತಿರುವುದನ್ನು ಕಾಣಬಹುದು. ಅದಕ್ಕೂ ಹಿಂದಿನವರು ಕುದುರೆಯನ್ನು ಹೇಗೆ ಕಟ್ಟುತ್ತಿದ್ದರು ಎಂಬುದರ ಮೇಲೆ ದೊಡ್ಡ ವಾದವೇ ನಡೆದಿದೆ. ಫ್ರಾನ್ಸಿನ ಸೇನಾಧಿಕಾರಿಯಾಗಿದ್ದ ರಿಷಾರ್ ಲಫೆಬ್ರ್ ದೆ ನೊಯೆತ್ ಎಂಬಾತ 1910ರಲ್ಲಿ ಪ್ಯಾರಿಸ್‌ನಲ್ಲಿ ಗ್ರೀಕ್, ರೋಮನ್ ಶಿಲ್ಪಗಳಲ್ಲಿ ಕಂಡಂತೆ ಪಟ್ಟಿ ಮಾಡಿಸಿ ಕುದುರೆಗೆ ಕಟ್ಟಿ ನೋಡಿದ. ಭಾರ ಹೆಚ್ಚಿದಂತೆ ಪಟ್ಟಿ ಗಂಟಲಿಗೇರಿ ಕುದುರೆಗೆ ಉಸಿರು ಕಟ್ಟುತ್ತಿತ್ತು. ಪ್ರಾಚೀನರಿಗೆ ಕುದುರೆಯ ಬಲ ಬಳಸಲು ಬರುತ್ತಿರಲಿಲ್ಲ ಎಂದು ಆತ 1931ರ ತನ್ನ ಗ್ರಂಥದಲ್ಲಿ ಸಾರಿದ. ಸರ್ಕಾರಿ ಗಾಡಿಗೆ 1500 ರೋಮನ್ ಪೌಂಡ್, ಅಂದರೆ ಸುಮಾರು 490 ಕೆಜಿಗಿಂತ ಹೆಚ್ಚು ಹೇರಬಾರದೆಂಬ 438ನೇ ಇಸವಿಯ ಥಿಯೊಡೋಸಿಯನ್ ಸಂಹಿತೆಯ ಕಟ್ಟಳೆ ಆತನ ವಾದಕ್ಕೆ ಒದಗಿತು. ಬಹುಕಾಲ ಎಲ್ಲರೂ ಅದನ್ನೇ ಒಪ್ಪಿದರು. ಕೊನೆಗೆ ಅದೇ ದೇಶದ ಜಾನ್ ಸ್ಪ್ರೂಯ್ಟ್ ಎಂಬಾತ ಹಳೆಯ ಗಾಡಿಗಳನ್ನೂ ಪಟ್ಟಿಗಳನ್ನೂ ಮತ್ತೊಮ್ಮೆ ಕಟ್ಟಿ, ಓಡಿಸಿ, ಮೊದಲಿನವನು ಎರಡು ಬೇರೆ ಬೇರೆ ಕಟ್ಟುಗಳನ್ನು ಒಂದಾಗಿ ಬೆರೆಸಿದ್ದನೆಂದು 1977ರ ತನ್ನ ಪುಸ್ತಕದಲ್ಲಿ ತೋರಿಸಿದ. ಎದೆಗೆ ಸರಿಯಾಗಿ ಕೂರುವಂತೆ ಕಟ್ಟಿದರೆ ಹಳೆಯ ಪಟ್ಟಿಯೂ ಕುದುರೆಯ ಕತ್ತು ಹಿಸುಕುತ್ತಿರಲಿಲ್ಲ. ನನಗೆ ಈ ವಾದದಲ್ಲಿ ಮುಖ್ಯವಾಗಿ ಕಂಡದ್ದು ಇದು: ಮೊದಲಿನವನು ಕಂಡ ಉಸಿರುಕಟ್ಟು ಸುಳ್ಳಲ್ಲ, ಅದು ನಾಲ್ಕು ಬೆರಳು ತಪ್ಪಾದ ಜಾಗದಲ್ಲಿ ಕಟ್ಟಿದ ಪಟ್ಟಿಯ ಫಲ. ಆ ಒಂದು ಕಟ್ಟು ಇಡೀ ನಾಗರಿಕತೆಯೊಂದರ ಮೇಲಿನ ತೀರ್ಪನ್ನೇ ತಪ್ಪಿಸಿತು.

ಎರಡನೆಯ ದಿನ ಕಾಲರಿನ ಅಳತೆ. ಅದನ್ನು ಒಳಬದಿಯ ಎತ್ತರದಿಂದ, ಅಂಗುಲಗಳಲ್ಲಿ ಅಳೆಯುತ್ತಾರೆ. ಭಾರಿ ಕುದುರೆಗಳಿಗೆ 22ರಿಂದ 26 ಅಂಗುಲದವರೆಗೆ ಬೇಕಾಗುತ್ತದೆ. ಕಾಲರ್ ಮೇಲ್ತುದಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಕೊರಳಿಗೆ ಕೆಳಗಿನಿಂದ ಹಾಕಿ ಮೇಲೆ ಬಕಲು ಬಿಗಿಯಬೇಕು. ನಾನು ಡ್ಯೂಕ್ ಎಂಬ ಎಡಗುದುರೆಗೆ ತೊಡಿಸಿದೆ. ಅದು ಆಗ ಹುಲ್ಲು ಮೇಯಲು ತಲೆ ಇಳಿಸಿತ್ತು. ಕಾಲರ್ ಚೆನ್ನಾಗಿ ಕೂತಿದೆ ಅನ್ನಿಸಿತು. ರೈತರು ಮಾತಾಡದೆ ಅದರ ತಲೆಯನ್ನು ಕೆಲಸ ಮಾಡುವಾಗಿನ ಎತ್ತರಕ್ಕೆ ಎತ್ತಿದರು. ಕತ್ತು ಉಬ್ಬಿ, ಕಾಲರಿನ ಕೆಳಬದಿ ಉಸಿರುಕೊಳವೆಗೆ ಹತ್ತಿಕೊಂಡಿತು. ನಾಲ್ಕು ಬೆರಳು ಜೋಡಿಸಿದ ಅಂಗೈ ಅಲ್ಲಿ ಚಪ್ಪಟೆಯಾಗಿ ಒಳಗೆ ಹೋಗಿ ಬರಬೇಕು, ಅಕ್ಕಪಕ್ಕದಲ್ಲಿ ಬೆರಳ ತುದಿ ನುಸುಳಿದರೆ ಸಾಕು. ಇಕ್ಕಟ್ಟಾದರೆ ಉಸಿರು ಕಟ್ಟುತ್ತದೆ. ದೊಡ್ಡದಾದರೂ ಅಷ್ಟೇ ಕೇಡು, ಪ್ರತಿ ಹೆಜ್ಜೆಗೂ ಹೊರಳಿ ಉಜ್ಜಿ ಭುಜದಲ್ಲಿ ಹುಣ್ಣು ಮಾಡುತ್ತದೆ. ಕಾಲಿಗೆ ದೊಡ್ಡದಾದ ಬೂಟು ಹಾಕಿ ಮೈಲಿ ನಡೆದವರಿಗೆ ಅದು ಗೊತ್ತು.

ಒಂದು ಸಲ ಅಳೆದರೆ ಮುಗಿಯಿತೆಂದು ತಿಳಿದಿದ್ದೆ. ಹಾಗಲ್ಲ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ನಿಂತು ತಿಂದ ಕುದುರೆಯ ಕತ್ತು ಏಪ್ರಿಲ್‌ನಲ್ಲಿ ದಪ್ಪಗಿರುತ್ತದೆ. ಎರಡು ತಿಂಗಳು ಉತ್ತ ಮೇಲೆ ಕೊಬ್ಬು ಕರಗಿ ಅದೇ ಕಾಲರ್ ಸಡಿಲವಾಗುತ್ತದೆ. ಆಗ ಒಳಗೆ ಹೊಲಿದ ಮೆತ್ತೆ ಸೇರಿಸುತ್ತಾರೆ, ಇಲ್ಲವೇ ಒಂದಂಗುಲ ಚಿಕ್ಕದನ್ನು ಹಾಕುತ್ತಾರೆ. ಅವರ ಕೊಟ್ಟಿಗೆಯ ಗೋಡೆಯಲ್ಲಿ ಎಂಟು ಕಾಲರ್ ತೂಗುತ್ತಿದ್ದವು, ಕುದುರೆ ನಾಲ್ಕೇ. ಹಳೆಯ ಕಾಲರುಗಳ ಒಳಗೆ ರೈ ಎಂಬ ಧಾನ್ಯದ ಒಣಹುಲ್ಲು ತುಂಬಿರುತ್ತದೆ. ಹೊಸದನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಬೆಳಿಗ್ಗೆ ಒದ್ದೆಯಾಗಿಯೇ ಕುದುರೆಗೆ ತೊಡಿಸಿ ಹಗುರವಾದ ಕೆಲಸ ಮಾಡಿಸುತ್ತಿದ್ದರಂತೆ, ಒಣಗುವಷ್ಟರಲ್ಲಿ ಅದು ಆ ಕುದುರೆಯ ಭುಜದ ಅಚ್ಚು ಪಡೆಯುತ್ತದೆ. ಹಾಗಾಗಿ ಒಂದರ ಕಾಲರನ್ನು ಇನ್ನೊಂದಕ್ಕೆ ಹಾಕುವುದಿಲ್ಲ. ಅಪ್ಪ ಪ್ರತಿ ಮುಂಗಾರಿಗೆ ಮುಂಚೆ ಬಾಚಿ ಹಿಡಿದು ನೊಗದ ಕೆಳಮೈ ಕೆತ್ತಿ ನಯಮಾಡಿ, ಎತ್ತು ಬದಲಾದರೆ ಮತ್ತೆ ಕೆತ್ತುತ್ತಿದ್ದುದು ನೆನಪಾಯಿತು.

ಕಾಲರಿನ ಹೊರಅಂಚಿನ ತೋಡಿನಲ್ಲಿ ಎರಡು ಬಾಗಿದ ಕಬ್ಬಿಣದ ಪಟ್ಟೆಗಳು ಕೂರುತ್ತವೆ. ಅವಕ್ಕೆ ಹೇಮ್ಸ್ ಎನ್ನುತ್ತಾರೆ. ಕೆಳಗೊಂದು, ಮೇಲೊಂದು ಪಟ್ಟಿ ಅವನ್ನು ಹಿಡಿದಿಡುತ್ತದೆ. ಕೆಳಗಿನ ಪಟ್ಟಿಯನ್ನು ಮಂಡಿಯೂರಿ ಮೈಭಾರ ಹಾಕಿ ಬಿಗಿಯಬೇಕು, ಅದು ಸಡಿಲಾದರೆ ಹೇಮ್ಸ್ ತೋಡಿನಿಂದ ಹಾರಿ ಅರ್ಧ ಸಾಲಿನಲ್ಲಿ ಇಡೀ ಸರಂಜಾಮು ಕಳಚಿಬೀಳುತ್ತದೆ. ಹೇಮ್ಸ್‌ನ ಮೇಲೆ, ಕಾಲರಿನ ತಳದಿಂದ ಮೂರನೇ ಒಂದು ಭಾಗ ಎತ್ತರದಲ್ಲಿ, ಎಳೆಯುವ ಟಗ್ ಪಟ್ಟಿ ಸೇರುತ್ತದೆ. 800 ಕೆಜಿಯ ಕುದುರೆ ದಿನವಿಡೀ ಕೊಡುವ ಬಲವೆಲ್ಲ ಆ ಒಂದು ಬಿಂದುವಿನ ಮೂಲಕ ಹಾಯುತ್ತದೆ. ಅದು ತೀರ ಕೆಳಗಿದ್ದರೆ ಭುಜದ ಕೀಲನ್ನೇ ಗುದ್ದುತ್ತದೆ. ಮೇಲಿದ್ದರೆ ಕಾಲರ್ ಓರೆಯಾಗಿ ಗಂಟಲಿಗೇರುತ್ತದೆ. ಪಕ್ಕದಿಂದ ನೋಡಿದಾಗ ಟಗ್ ಪಟ್ಟಿ ಹೇಮ್ಸ್‌ಗೆ ಲಂಬಕೋನದಲ್ಲಿ, ನೆಟ್ಟಗೆ ಹಿಂದಕ್ಕೆ ಓಡಬೇಕು. ಬೆನ್ನಪಟ್ಟಿ ಅದನ್ನು ಮೇಲಕ್ಕೆ ಜಗ್ಗಿ ಮುರಿದಂತೆ ಕಂಡರೆ ಬೆನ್ನಪಟ್ಟಿಯ ತೂತು ಬದಲಿಸಬೇಕು. ಹೇಮ್ಸ್ ಏರಿಸಿ ಇಳಿಸಲು ಅವುಗಳ ಮೇಲ್ತುದಿಯಲ್ಲಿ ಕಿಂಡಿಗಳಿವೆ. ಇಲ್ಲಿ ನಾನು ಎರಡು ದಿನ ತಡವರಿಸಿದೆ. ಮೇಲಿನ ಪಟ್ಟಿ ಕಾಲರಿನ ನೆತ್ತಿಯ ಮೇಲೆ ಕೂತಿರುತ್ತದೆ, ಅದರ ಜಾಗ ಬದಲಾಗುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಕೆಳಗಿನ ಕಿಂಡಿಗೆ ಹಾಕಿದರೆ ಹೇಮ್ಸ್ ಮೇಲೇರುತ್ತದೆ, ಮೇಲಿನ ಕಿಂಡಿಗೆ ಹಾಕಿದರೆ ಕೆಳಗಿಳಿಯುತ್ತದೆ.

ಹೊಟ್ಟೆಪಟ್ಟಿಗೆ ಅಂಗೈಯಗಲ ಸಡಿಲ ಸಾಕು. ಹಿಂಗಾಲಿನ ಮೇಲೆ, ಕುಂಡಿಯನ್ನು ಬಳಸಿ ಹೋಗುವ ಅಗಲವಾದ ಪಟ್ಟಿಗೆ ಬ್ರಿಚನ್ ಎಂದು ಹೆಸರು. ಗಾಡಿ ಇಳಿಜಾರಿನಲ್ಲಿ ಮೇಲೆ ಬಿದ್ದಂತೆ ಬಂದಾಗ ಕುದುರೆ ಅದರಲ್ಲಿ ಕೂತಂತೆ ಹಿಂದಕ್ಕೊರಗಿ ಭಾರ ತಡೆಯುತ್ತದೆ. ನಮ್ಮ ಎತ್ತು ಅದೇ ಕೆಲಸವನ್ನು ಕತ್ತಿನಿಂದ ಮಾಡುತ್ತದೆ, ನನಗೆ ಅದನ್ನು ನೆನೆದು ಸಂಕಟವಾಯಿತು.

ಗಾಡಿಗೆ ಹೂಡುವ ಕ್ರಮವನ್ನು ಮಾತ್ರ ಅವರು ಪ್ರತಿ ಬೆಳಿಗ್ಗೆ ನನ್ನ ಬಾಯಲ್ಲಿ ಹೇಳಿಸುತ್ತಿದ್ದರು. ಮೊದಲು ಲಗಾಮು ಕೈಗೆ ಬರಬೇಕು. ಆಮೇಲೆ ಮೂಕಿಯ ತುದಿಯನ್ನು ಎತ್ತಿಹಿಡಿಯುವ ಕತ್ತಿನ ಅಡ್ಡಕೋಲು. ಟಗ್ ಪಟ್ಟಿಗಳು ಕೊನೆಗೆ. ಬಿಚ್ಚುವಾಗ ಪೂರ್ತಿ ತಿರುಗಮುರುಗ, ಟಗ್ ಮೊದಲು, ಲಗಾಮು ಕೊನೆಗೆ. ಅಡ್ಡಕೋಲು ಕಟ್ಟದೆ ಟಗ್ ಸಿಕ್ಕಿಸಿದಾಗ ಕುದುರೆ ಒಂದು ಹೆಜ್ಜೆ ಮುಂದಿಟ್ಟರೂ ಮೂಕಿಯ ತುದಿ ನೆಲಕ್ಕೆ ಬಿದ್ದು ಮಣ್ಣಿಗೆ ನಾಟಿಕೊಳ್ಳುತ್ತದೆ, ಹಿಂದಿನ ಗಾಡಿ ಅದರ ಮೇಲೆ ಎದ್ದು ಬರುತ್ತದೆ. ಬೆದರಿದ 1600 ಕೆಜಿ ಜೀವವನ್ನು ಆಗ ಯಾರೂ ಹಿಡಿಯಲಾರರು.

ಕುದುರೆ ಒಂದೇ ಆಗಿದ್ದರೆ ವಿದ್ಯೆ ಬಹುಪಾಲು ಇಲ್ಲಿಗೆ ಮುಗಿಯುತ್ತಿತ್ತು. ಮೈಸೂರಿನ ಜಟಕಾದಲ್ಲಿ ಎರಡು ಕೋಲುಗಳ ನಡುವೆ ಒಂದು ಕುದುರೆ, ಎರಡು ಲಗಾಮು, ಎರಡು ಕೈ. ಜೋಡಿಯಾದಾಗ ಬಾಯಿಯ ಕಡಿವಾಣದ ತುದಿಗಳು ನಾಲ್ಕಾಗುತ್ತವೆ, ಕೈ ಎರಡೇ ಉಳಿಯುತ್ತವೆ. ಇದಕ್ಕೆ ಅವರು ಕಂಡುಕೊಂಡ ಉಪಾಯ ಬಲು ಸೊಗಸು. ಎಡಗೈಯಲ್ಲಿರುವ ಉದ್ದನೆಯ ಲಗಾಮು ಎಡಗುದುರೆಯ ಬಾಯಿಯ ಎಡತುದಿಗೆ ಹೋಗುತ್ತದೆ. ನಡುದಾರಿಯಲ್ಲಿ ಅದಕ್ಕೆ ಬಕಲು ಹಾಕಿ ಇನ್ನೊಂದು ಕವಲು ಪಟ್ಟಿ ಜೋಡಿಸಿರುತ್ತಾರೆ. ಆ ಕವಲು ಅಡ್ಡಡ್ಡ ಹಾದು ಬಲಗುದುರೆಯ ಬಾಯಿಯ ಎಡತುದಿ ಸೇರುತ್ತದೆ. ಬಲಗೈಯ ಲಗಾಮಿನ ಕವಲೂ ಹೀಗೆಯೇ ಅಡ್ಡ ಹಾದು ಎಡಗುದುರೆಯ ಬಲತುದಿಗೆ ಬರುತ್ತದೆ. ಎಡಗೈ ಎಳೆದರೆ ಎರಡೂ ಎಡಕ್ಕೆ, ಬಲಗೈ ಎಳೆದರೆ ಎರಡೂ ಬಲಕ್ಕೆ.

ಒಂದು ಬೆಳಿಗ್ಗೆ ನಾವು ಹಲುಬೆ ಹೂಡಿ ಹೊರಟಾಗ ಡ್ಯೂಕ್ ಮುಖವನ್ನು ಒಳಕ್ಕೆ, ಬಲಗುದುರೆ ಬಾಬ್‌ನ ಕಡೆಗೆ ತಿರುಗಿಸಿಕೊಂಡೇ ನಡೆಯುತ್ತಿತ್ತು. ಮುಖ ಓರೆಯಾದರೆ ಭುಜವೂ ಓರೆ, ಕಾಲರಿನ ಒಂದೇ ಬದಿಗೆ ಭಾರ. ಸರಿಪಡಿಸಲು ನನಗೇ ಹೇಳಿದರು. ತೊಂದರೆ ಎಡಗುದುರೆಗೆ ತಾನೇ ಎಂದು ನಾನು ಎಡ ಲಗಾಮಿನ ಕವಲನ್ನು ಎರಡು ತೂತು ಸಡಿಲಿಸಿದೆ. ಹೊರಟೆವು. ಡ್ಯೂಕ್ ಹಾಗೆಯೇ ಇತ್ತು, ಅಲ್ಲಿಯವರೆಗೆ ನೆಟ್ಟಗಿದ್ದ ಬಾಬ್ ಈಗ ಮುಖವನ್ನು ಹೊರಕ್ಕೆ ತಿರುಗಿಸಿ ಬೇಲಿ ನೋಡತೊಡಗಿತ್ತು. ರೈತರು ನಿಲ್ಲಿಸಿದರು. ನನ್ನನ್ನು ಡ್ಯೂಕ್‌ನ ಮುಂದೆ ಕರೆದೊಯ್ದು, ಅದರ ಬಾಯಿಯ ಬಲತುದಿಯ ಪಟ್ಟಿಯನ್ನು ನನ್ನ ಬೆರಳಿಗೆ ಕೊಟ್ಟು, “ಇದನ್ನು ಬಿಡದೆ ಹಿಡಿದುಕೊಂಡು, ಹೋದಲ್ಲಿಗೆ ಹೋಗಿ” ಎಂದರು. ಪಟ್ಟಿ ಹಿಡಿದು ನಡೆದೆ. ಅದು ಎರಡು ಕುದುರೆಗಳ ನಡುವೆ ಹಾದು, ಬಾಬ್‌ನ ಬೆನ್ನು ದಾಟಿ, ಬಲ ಲಗಾಮಿನ ಬಕಲಿಗೆ ಬಂದು ನಿಂತಿತು. ಡ್ಯೂಕ್‌ನ ಮುಖವನ್ನು ಒಳಕ್ಕೆ ಜಗ್ಗುತ್ತಿದ್ದುದು ಬಲಗೈ ಲಗಾಮು. ಎಡದ ಕವಲನ್ನು ಮೊದಲಿನ ತೂತಿಗೆ ಹಾಕಿ, ಬಲದ ಕವಲನ್ನು ಒಂದೇ ತೂತು ಬಿಟ್ಟೆ. ಎರಡು ತಲೆಗಳೂ ನೆಟ್ಟಗೆ ಮುಂದೆ ನೋಡುತ್ತ ಹೊರಟವು.

ಆ ರಾತ್ರಿ ನನಗೆ ನಿದ್ದೆ ಬೇಗ ಬರಲಿಲ್ಲ. ಒಂದು ಕುದುರೆಯ ಕಷ್ಟದ ಬಕಲು ಇನ್ನೊಂದು ಕುದುರೆಯ ಬೆನ್ನಿನ ಮೇಲಿತ್ತು. ಎಷ್ಟೋ ವರ್ಷ ಎಡಗೋಲಿನ ಎತ್ತು ಹೊರಕ್ಕೆ ಜಗ್ಗುತ್ತದೆಂದು ನಾನು ಅದಕ್ಕೇ ಬಾರುಕೋಲು ಬೀಸಿದ್ದೆ. ಬಲಗೋಲಿನದು ಅದನ್ನು ಒತ್ತುತ್ತಿತ್ತೇ ಎಂದು ಒಮ್ಮೆಯೂ ನೋಡಿರಲಿಲ್ಲ.

ಜೋಡಿಯಲ್ಲಿ ಬಲವೂ ಸಮನಾಗಿರುವುದಿಲ್ಲ. ಬಾಬ್ ಐದು ವರ್ಷದ ಎಳೆಯದು, ಡ್ಯೂಕ್ ಪೂರ್ತಿ ಬಲಿತದ್ದು. ಕುದುರೆಗಳ ಹಿಂದೆ ಅಡ್ಡಮರವೊಂದು ನಡುವಿನ ಗೂಟದ ಮೇಲೆ ತಕ್ಕಡಿಯಂತೆ ಆಡುತ್ತದೆ, ಅದರ ಎರಡು ತುದಿಗೂ ಎರಡು ಕುದುರೆಗಳ ಎಳೆತ ಸೇರುತ್ತದೆ. ಗೂಟದ ತೂತನ್ನು ಬಲಿಷ್ಠ ಕುದುರೆಯ ಕಡೆಗೆ ಸರಿಸಿದರೆ ಎಳೆಯದರ ಪಾಲಿಗೆ ಉದ್ದನೆಯ ತೋಳು ಬಂದು ಭಾರ ಕಡಿಮೆಯಾಗುತ್ತದೆ. 42 ಅಂಗುಲದ ಮರದಲ್ಲಿ ಗೂಟವನ್ನು ಒಂದೇ ಅಂಗುಲ ಸರಿಸಿದರೆ, ಒಟ್ಟು 160 ಕೆಜಿ ಎಳೆತದಲ್ಲಿ ಡ್ಯೂಕ್‌ಗೆ 84, ಬಾಬ್‌ಗೆ 76 ಕೆಜಿ ಬೀಳುತ್ತದೆ. ಇದೊಂದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹೊಸ ಹೋರಿ ಪಳಗಿಸುವಾಗ ಅಪ್ಪ ನೇಗಿಲ ಈಸನ್ನು ನೊಗದ ನಡುವಿಗೆ ಕಟ್ಟದೆ, ಮಿಣಿಯನ್ನು ಹಳೇ ಎತ್ತಿನ ಕಡೆ ನಾಲ್ಕು ಬೆರಳು ಸರಿಸಿ ಬಿಗಿಯುತ್ತಿದ್ದರು. ಅದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆ ರೈತರು ಬಹಳ ಹೊತ್ತು ಚಿತ್ರವನ್ನೇ ನೋಡಿ, ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ತಮ್ಮ ಫೋಟೊ ತೆಗೆಯಲು ಒಪ್ಪದ ಜನ ಅವರು, ನನ್ನ ಪುಸ್ತಕದಲ್ಲೂ ಇರುವುದು ನಾನು ಬಿಡಿಸಿದ ಪಟ್ಟಿ ಬಕಲುಗಳ ಚಿತ್ರಗಳಷ್ಟೇ.

ಮೇಲಿನ 160 ಕೆಜಿಯನ್ನು ಸುಮ್ಮನೆ ಹೇಳಲಿಲ್ಲ. ಕುದುರೆ ತನ್ನ ತೂಕದ ಹತ್ತನೇ ಒಂದು ಪಾಲು ಬಲವನ್ನು ದಣಿಯದೆ ದಿನವಿಡೀ ಕೊಡಬಲ್ಲದು ಎಂಬುದು ಅಲ್ಲಿನ ಹಳೆಯ ಲೆಕ್ಕ. 80 ಕೆಜಿ ಎಳೆತ, ಗಂಟೆಗೆ 4 ಕಿಲೋಮೀಟರ್ ನಡಿಗೆ. ಗುಣಿಸಿ ನೋಡಿದರೆ ಅದು ಒಂದು ಹಾರ್ಸ್‌ಪವರಿಗಿಂತ ಸ್ವಲ್ಪ ಹೆಚ್ಚು, ಸುಮಾರು 1.2. ಜೇಮ್ಸ್ ವ್ಯಾಟ್ ಗಾಣ ತಿರುಗಿಸುವ ಕುದುರೆಗಳನ್ನು ನೋಡಿ ಕಟ್ಟಿದ ಆ ಮಾನ, 746 ವ್ಯಾಟ್‌ಗೆ ಸಮನಾದ ಹೆಚ್‌ಪಿ, ಇಂದು ನಮ್ಮೂರಿನ ಪ್ರತಿ ಬೋರ್‌ವೆಲ್ಲಿನ ಮೋಟಾರಿನ ಮೇಲೂ ಬರೆದಿದೆ. ಐದು ಹೆಚ್‌ಪಿ ಎನ್ನುವಾಗ ಆ ಕುದುರೆಗಳ ಭುಜ ಈಗ ನನ್ನ ಕಣ್ಣಿಗೆ ಕಟ್ಟುತ್ತದೆ.

ಕೆಲಸ ಮುಗಿದ ಮೇಲೆ ನಾನು ಅತ್ಯಂತ ಎದುರುನೋಡುತ್ತಿದ್ದ ಗಳಿಗೆ ಬರುತ್ತಿತ್ತು. ಕೊಟ್ಟಿಗೆಯಲ್ಲಿ ಕಾಲರ್ ತೆಗೆದ ಕೂಡಲೇ, ಬೆವರು ಆರುವ ಮುಂಚೆ, ಭುಜವನ್ನು ಓದಬೇಕು. ಕಾಲರ್ ಕೂತಿದ್ದ ಜಾಗವೆಲ್ಲ ಒಂದೇ ಸಮನೆ ಒದ್ದೆಯಾಗಿದ್ದರೆ ಭಾರ ಒಂದೇ ಸಮನೆ ಹಂಚಿದೆ. ಒದ್ದೆಯ ನಡುವೆ ಒಣಗಿದ ಚುಕ್ಕೆ ಕಂಡರೆ ಅಲ್ಲಿ ಒತ್ತು ಅತಿಯಾಗಿ ಚರ್ಮ ಬೆವರಿಲ್ಲ. ಇನ್ನೂ ಹುಣ್ಣಿಲ್ಲ, ನೋವಿನ ಕುರುಹಿಲ್ಲ, ಕುದುರೆ ಹುಲ್ಲು ಬಿಟ್ಟಿಲ್ಲ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಜಾಗದಲ್ಲಿ ಮುಂದೆ ಬಿಳಿಗೂದಲು ಹುಟ್ಟುತ್ತದೆ, ಮತ್ತೆ ಕೆಂಪಾಗುವುದಿಲ್ಲ. ಅವರ ಮುದಿ ಕುದುರೆಯೊಂದರ ಭುಜದಲ್ಲಿ ಅಂಥ ಬಿಳಿ ಕಲೆಯಿತ್ತು. ತಮ್ಮ ಹುಡುಗಾಟದ ದಿನಗಳದು ಎಂದಷ್ಟೇ ಹೇಳಿ ಅದರ ಮೇಲೆ ಕೈಯಾಡಿಸಿದ್ದರು.

ನಾನು ಹೊರಡುವ ಹಿಂದಿನ ಸಂಜೆ ಡ್ಯೂಕ್‌ನ ಕಾಲರನ್ನು ನಾನೇ ತೆಗೆದೆ. ಎಡಭುಜ ಪೂರ್ತಿ ಒದ್ದೆ. ಬಲಭುಜದಲ್ಲಿ, ಕೀಲಿನ ಹತ್ತಿರ, ಒಂದು ರೂಪಾಯಿ ನಾಣ್ಯದಷ್ಟು ಅಗಲ ಒಣಗಿತ್ತು. ಅವರು ಪಕ್ಕದಲ್ಲಿ ಬಾಬ್‌ನ ಮೈ ಉಜ್ಜುತ್ತಿದ್ದರು. ನಾನು ಕೂಗಲಿಲ್ಲ. ಬೆರಳಿಟ್ಟು ನೋಡಿದೆ, ಬೆಚ್ಚಗಿತ್ತು. ಹೇಮ್ಸ್ ಕೆಳಗೆ ಜಾರಿತ್ತು. ಗೋಡೆಯ ಮೊಳೆಗೆ ತೂಗುಹಾಕಿದ್ದ ಹೇಮ್ಸ್‌ನ ಮೇಲಿನ ಪಟ್ಟಿ ಬಿಚ್ಚಿ, ಒಂದು ಕಿಂಡಿ ಕೆಳಗೆ ಹಾಕಿ ಬಿಗಿದೆ. ಬೆಳಿಗ್ಗೆ ಡ್ಯೂಕ್‌ಗೆ ಸರಂಜಾಮು ತೊಡಿಸುವಾಗ ಅವರು ಆ ಪಟ್ಟಿಯನ್ನು ನೋಡಿದರು, ಕುದುರೆಯ ಬಲಭುಜವನ್ನು ಮುಟ್ಟಿ ನೋಡಿದರು, ಆಮೇಲೆ ಲಗಾಮನ್ನು ನನ್ನ ಕೈಗೆ ಕೊಟ್ಟರು. ಅಳಿಯನ ಕಾರು ಬರುವವರೆಗೆ ಇನ್ನೂ ಆರು ಸಾಲು ಹಲುಬೆ ಹೊಡೆಯಬಹುದಿತ್ತು.